ಖಂಡದ ಮೇಷ್ಟ್ರು

ಬೆಳಗಿನ ಹೊತ್ತು ಮದ್ದೂರಿನ ಪೇಟೆ ಬೀದಿಯಲ್ಲಿ ಛತ್ರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಎದೆಯನ್ನು ಹೊಟ್ಟೆಗಿಂತ ಒಂದು ಗೇಣು ಮುಂದೆ ಕಳಿಸಿ ನಡೆಯುವವರು ಯಾರೆಂದು ಹೊಸಬರು ಕೇಳಿದರೆ, ಊರಿನವರು ತಲೆ ಎತ್ತದೆ "ಆಸ್ಟ್ರೇಲಿಯಾ" ಎನ್ನುತ್ತಿದ್ದರು. ಹೆಸರು ವೆಂಕಟರಾಮಯ್ಯ. ಕೆಲಸ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ವಿಷಯ ಭೂಗೋಳ. ಭೂಗೋಳವೆಂಬ ಅಷ್ಟು ದುಂಡಗಿನ ಪದಾರ್ಥದಲ್ಲಿ ಅವರ ಪಾಲಿಗೆ ಬಂದದ್ದು ಕೆಳಗಿನ ಒಂದು ಮೂಲೆ ಮಾತ್ರ.

ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಗೆ ಒಂದು ದೊಡ್ಡ ಗೋಡೆ ನಕ್ಷೆ ಮಂಜೂರಾಗಿತ್ತು. ಏಷ್ಯಾ ಬೇಕೆಂದು ಬರೆದಿದ್ದರು. ಬೆಂಗಳೂರಿನ ಯಾವುದೋ ಅಂಗಡಿಯವನು "ಅ"ಕಾರದಲ್ಲೋ "ಎ"ಕಾರದಲ್ಲೋ ಎಡವಿ ಆಸ್ಟ್ರೇಲಿಯಾ ಕಳಿಸಿಬಿಟ್ಟ. ವಾಪಸು ಕಳಿಸಲು ರೈಲಿನ ಬಾಡಿಗೆ ಯಾರು ಕೊಡಬೇಕೆಂಬ ಬಗ್ಗೆ ಪತ್ರಗಳು ಓಡಾಡುತ್ತಿರುವಾಗಲೇ ವೆಂಕಟರಾಮಯ್ಯ ಗೋಡೆಗೆ ಮೊಳೆ ಹೊಡೆದು ನಕ್ಷೆ ನೇತುಹಾಕಿದರು. ಕಣ್ಣಿಗೆ ಕಾಣುವುದನ್ನು ಬಿಟ್ಟು ಕಾಣದ್ದನ್ನು ಪಾಠ ಮಾಡುವುದು ಯಾವ ನ್ಯಾಯ? ಅಂದಿನಿಂದ ಯುರೋಪಿಗೆ ಒಂದು ವಾರ, ಆಫ್ರಿಕಕ್ಕೆ ಒಂದು ವಾರ, ಎರಡು ಅಮೆರಿಕಗಳಿಗೂ ಕೂಡಿ ಹಬ್ಬದ ರಜದ ಹಿಂದುಮುಂದಿನ ನಾಲ್ಕು ದಿನ. ಮಿಕ್ಕ ವರ್ಷವೆಲ್ಲ ಆಸ್ಟ್ರೇಲಿಯಾ.

ಸುಮಾರು ಇಪ್ಪತ್ತು ವರ್ಷ ಹೀಗೆ ಸಂಸಾರ ಮಾಡಿದ ಮೇಲೆ ಆ ದೇಶ ಅವರ ಮನೆಯದೇ ಆಗಿತ್ತು. ಮಾತಿಗೆ ಮುಂಚೆ "ನಮ್ಮ ಮರ್ರೆ ನದಿ" ಎನ್ನುವರು. ದಿನಾ ಕಣ್ಣೆದುರಿಗೇ ಹರಿಯುವ ಶಿಂಷಾ ಎಲ್ಲಿ ಹುಟ್ಟುತ್ತದೆಂದು ಯಾರಾದರೂ ಕೇಳಿದರೆ ಮಾತ್ರ ಕೊಂಚ ಯೋಚಿಸುವರು. ಬೀದಿಯಲ್ಲಿ ಮಳೆ ಬಂದರೆ "ಪೂರ್ವ ಕರಾವಳಿಯಲ್ಲೂ ಹೀಗೇ" ಎಂದು ಛತ್ರಿ ಬಿಚ್ಚುವರು. ಪುಷ್ಯಮಾಸದ ಚಳಿಯಲ್ಲಿ ಹೆಂಡತಿ ಸರಸಮ್ಮ ಕಂಬಳಿ ಕೊಡಹುತ್ತಿದ್ದರೆ, "ಈಗ ಅಲ್ಲಿ ಉರಿಬಿಸಿಲು, ಗೊತ್ತೆ?" ಎಂದು ಕೇಳಿ, "ಹಾಗಾದರೆ ಅಲ್ಲೇ ಹೋಗಿ ಮಲಗಿ, ಕಂಬಳಿ ಒಂದೇ ಇರೋದು" ಎಂಬ ಉತ್ತರ ಪಡೆಯುವರು.

ಸಮುದ್ರವನ್ನು ಅವರು ನೋಡಿರಲಿಲ್ಲ. ಆದರೆ ದ್ವೀಪವನ್ನು ನೋಡಿದ್ದರು. ಭಾವಮೈದ ಅನಂತರಾಮು ಮಳವಳ್ಳಿಯಾಚೆ, ಶಿವನಸಮುದ್ರದ ಪಕ್ಕದ ಬ್ಲಫ್‌ನ ಕರೆಂಟಿನ ಮನೆಯಲ್ಲಿ ಗುಮಾಸ್ತೆ. ಅವನಲ್ಲಿಗೆ ಹೋದಾಗಲೆಲ್ಲ ವೆಂಕಟರಾಮಯ್ಯ ಶಿವನಸಮುದ್ರಕ್ಕೆ ಹೋಗಿ, ಕಾವೇರಿ ಎರಡಾಗಿ ಸೀಳಿ ನೆಲವನ್ನು ನಡುವೆ ಬಿಟ್ಟುಕೊಂಡು ಮತ್ತೆ ಕೂಡುವುದನ್ನು ಕೈಕಟ್ಟಿ ನೋಡುವರು. ಹೆಸರಿನಲ್ಲಿ ಸಮುದ್ರ, ನಿಜದಲ್ಲಿ ದ್ವೀಪ. ಇನ್ನು ತಿಳಿಯುವುದೇನು ಉಳಿಯಿತು?

ಗಂಡಾಂತರ ಬಂದದ್ದು ಮೂವತ್ತೈದನೆಯ ಇಸವಿಯಲ್ಲಿ, ಪರೀಕ್ಷೆಯ ರೂಪದಲ್ಲಿ. ಆಫ್ರಿಕದ ಮುಖ್ಯ ನದಿ ಯಾವುದೆಂಬ ಪ್ರಶ್ನೆಗೆ ಇಡೀ ಕ್ಲಾಸು ಒಗ್ಗಟ್ಟಾಗಿ "ಮರ್ರೆ" ಎಂದು ಬರೆದಿತ್ತು. ಒಬ್ಬ ಧೈರ್ಯವಂತ ಆಸ್ಟ್ರೇಲಿಯದ್ದೇ ಇನ್ನೊಂದು ನದಿ ಹಿಡಿದು "ಡಾರ್ಲಿಂಗ್" ಎಂದಿದ್ದ. ಹೆಡ್‌ಮಾಸ್ತರ್ ಶ್ಯಾಮಣ್ಣನವರು ವೆಂಕಟರಾಮಯ್ಯನವರನ್ನು ಕೋಣೆಗೆ ಕರೆಸಿ, ನಶ್ಯದ ಡಬ್ಬಿಯನ್ನು ಎರಡು ಸಲ ತಟ್ಟಿದರು.

"ನೋಡಿ ಇವರೆ, ಇನ್ನು ಮೇಲೆ ಭೂಗೋಳವನ್ನ ಡ್ರಿಲ್ ಮೇಷ್ಟ್ರಿಗೆ ಕೊಡೋಣ ಅಂತಿದೀನಿ. ನೀವು ಒಂದನೇ ಕ್ಲಾಸಿಗೆ ಕಾಪಿ ಬರೆಸಿ. ನಿಮ್ಮ ಅಕ್ಷರ ದುಂಡಗಿದೆ."

"ಭೂಮಿಯೂ ದುಂಡಗೇ ಇದೆ, ಸಾರ್" ಎಂದರು ವೆಂಕಟರಾಮಯ್ಯ. ಭೂಗೋಳ ಹೋದರೆ ತಾವು ಯಾರು? ಪೇಟೆ ಬೀದಿಯಲ್ಲಿ ನಡೆಯುವ ಒಂದು ಛತ್ರಿ.

"ಭೂಮಿ ದುಂಡಗಿರಬಹುದು. ನೀವು ಒಂದೇ ಕಡೆ ನಿಂತುಬಿಟ್ಟಿದೀರಿ."

"ನನ್ನ ಪಾಠದಲ್ಲಿ ರುಚಿ ಇದೆ ಸಾರ್. ಹುಡುಗರಲ್ಲ, ಬೇಕಾದರೆ ಹಳ್ಳಿಯ ರೈತರನ್ನೇ ಕೂರಿಸಿ ಕೇಳಿಸ್ತೀನಿ."

ಶ್ಯಾಮಣ್ಣನವರ ಕಣ್ಣು ಮಿನುಗಿತು. ಹಳ್ಳಿಯವರಿಗೆ ತಿಳಿವಳಿಕೆ ಕೊಡಲು ಮೇಷ್ಟ್ರುಗಳು ಆಗಾಗ ಹೋಗಿ ಉಪನ್ಯಾಸ ಮಾಡಬೇಕೆಂಬ ಏರ್ಪಾಡು ಆಗ ನಡೆದಿತ್ತು. ಹಿಂದಿನ ತಿಂಗಳು ಶ್ಯಾಮಣ್ಣನವರೇ ಆತಗೂರಿಗೆ ಹೋಗಿ ಹಲ್ಲಿನ ರಕ್ಷಣೆಯ ಮೇಲೆ ಮಾತಾಡಿ ಬಂದಿದ್ದರು. ಕೇಳಲು ಪಟೇಲರು ಬಂದಿದ್ದರು, ಪಟೇಲರ ನಾಯಿ ಬಂದಿತ್ತು. ಕೊನೆಯವರೆಗೂ ಕೂತದ್ದು ನಾಯಿ.

"ಆಗಲಿ. ಆತಗೂರಿಗೇ ಹೋಗೋಣ, ನಾನೂ ಬರ್ತೀನಿ. ಊರಿನವರು ಬಂದು, ಕೂತು, ಕೊನೇವರೆಗೂ ಕೇಳಿದರೆ ಭೂಗೋಳ ನಿಮ್ಮದೇ. ಎದ್ದು ಹೋದರೆ ಸೋಮವಾರದಿಂದ ಕಾಪಿ."

ವೆಂಕಟರಾಮಯ್ಯ ಮನೆಗೆ ಬಂದು ಪಂಚೆಗೆ ಗಂಜಿ ಹಾಕಿಸಿದರು.

ಶನಿವಾರ ಮಧ್ಯಾಹ್ನವೇ ಎತ್ತಿನ ಗಾಡಿಯಲ್ಲಿ ಇಬ್ಬರೂ ಆತಗೂರು ತಲುಪಿದರು. ನಕ್ಷೆಯ ಸುರುಳಿ ಗಾಡಿಗಿಂತ ಉದ್ದವಿತ್ತು. ದಾರಿಯಲ್ಲಿ ಅದು ಶ್ಯಾಮಣ್ಣನವರ ರುಮಾಲನ್ನು ಎರಡು ಸಲ ಕೆಡವಿತ್ತು. ಪಟೇಲ್ ಕೆಂಪಯ್ಯನವರು ನೀರು ಬೆಲ್ಲ ಕೊಟ್ಟು, ಊರಿಗೆ ಸಾರುವ ಮರಿಯಯ್ಯನನ್ನು ತಮಟೆಯೊಡನೆ ಕರೆಸಿದರು. ವೆಂಕಟರಾಮಯ್ಯ ಗಂಟಲು ಸರಿಮಾಡಿಕೊಂಡು ಅವನಿಗೆ ಬಾಯಿಪಾಠ ಹೇಳಿಕೊಟ್ಟರು: "ಈ ದಿನ ಸಾಯಂಕಾಲ ಶಾಲೆಯ ಮುಂದೆ ಆಸ್ಟ್ರೇಲಿಯಾ ದ್ವೀಪಖಂಡವನ್ನು ಕುರಿತು ಸವಿಸ್ತಾರವಾದ ಉಪನ್ಯಾಸ. ಸರ್ವರಿಗೂ ಸ್ವಾಗತ."

"ತಿಳೀತೇನಯ್ಯ?"

"ತಿಳೀದೇನ್ ಬುದ್ದಿ" ಎಂದು ಮರಿಯಯ್ಯ ಹೊರಟ.

ಆಮೇಲೆ ನಡೆದದ್ದು ವೆಂಕಟರಾಮಯ್ಯನವರಿಗೆ ಗೊತ್ತಾದದ್ದು ತಡವಾಗಿ. ಮೇಲಿನ ಕೇರಿಯಲ್ಲಿ ಮರಿಯಯ್ಯ ಹೇಳಿಕೊಟ್ಟದ್ದನ್ನೇ ಹೆಚ್ಚುಕಡಿಮೆ ಕೂಗಿದ. ಅರ್ಥವಾಗದ ಮಾತು ಬಾಯಲ್ಲಿ ಎಷ್ಟು ಹೊತ್ತು ನಿಂತೀತು? ಎರಡನೆಯ ಕೇರಿಗೆ ಬರುವಾಗ ಉಪನ್ಯಾಸ ಉದುರಿತ್ತು. ನಡುಬೀದಿಯಲ್ಲಿ "ಆಸ್ಟ್ರೇಲಿಯಾ" ಸವೆದು "ಅಸ್ಲೀ" ಆಯಿತು. ಬಾವಿಯ ಹತ್ತಿರ "ದ್ವೀಪ"ದ ವಕಾರ ಬಿದ್ದು "ದೀಪ" ಆಯಿತು. ಊರ ಬಾಗಿಲಿಗೆ ತಲುಪುವ ಹೊತ್ತಿಗೆ ತಮಟೆಯ ಏಟಿನ ನಡುವೆ ಕೇಳಿಬಂದದ್ದು ಇದು: "ಕೇಳ್ರಪ್ಪೋ ಕೇಳ್ರಿ! ದೀಪ ಅಚ್ಚೋ ಒತ್ಗೆ ಇಸ್ಕೂಲ್ ತಾವ ಅಸ್ಲೀ ಕಂಡ! ಎಲ್ರೂ ಬರ್ಬೇಕಂತೆ!"

ಪುಸ್ತಕದಲ್ಲಿ ಖಂಡವೆಂದರೆ ಭೂಮಿ. ಆತಗೂರಿನಲ್ಲಿ ಖಂಡವೆಂದರೆ ಬಾಡು. ಅದರಲ್ಲೂ ಅಸಲಿ ಎಂದ ಮೇಲೆ ಮುದಿ ಕುರಿಯದಲ್ಲ, ಮೂಳೆ ತುಂಬಿದ್ದಲ್ಲ. ಸರ್ಕಾರ ಯಾಕೆ ಕೊಡುತ್ತದೆಂಬ ಅನುಮಾನವೂ ಯಾರಿಗೂ ಬರಲಿಲ್ಲ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿತ್ತು, ಕಬ್ಬು ಹಾಕಿ ಎಂದು ಅಧಿಕಾರಿಗಳು ಹಳ್ಳಿಹಳ್ಳಿಗೆ ಬಂದು ಸಿಹಿಮಾತು ಆಡುತ್ತಿದ್ದರು. ಸಿಹಿ ಸಾಲದೆ ಈಗ ಖಾರಕ್ಕೆ ಇಳಿದಿದ್ದಾರೆ ಎಂದು ಊರು ತೀರ್ಮಾನಿಸಿತು. ಒಲೆಗಳ ಮೇಲೆ ಮುದ್ದೆಗೆ ಎಸರು ಏರಿತು. ಅರೆಯುವ ಕಲ್ಲುಗಳು ಮಸಾಲೆಗೆ ಸಿದ್ಧವಾದವು.

ದೀಪ ಹಚ್ಚುವ ಹೊತ್ತಿಗೆ ಶಾಲೆಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ತಲೆಗಳು, ತಲೆಗಳ ಹಿಂದೆ ತಲೆಗಳು. ಎಲ್ಲರ ಕೈಯಲ್ಲೂ ಬೋಗುಣಿ, ತಟ್ಟೆ, ಮುತ್ತುಗದ ಎಲೆ. ಶ್ಯಾಮಣ್ಣನವರ ಮುಖ ನೋಡಬೇಕಾಗಿತ್ತು.

"ಪಾತ್ರೆ ಯಾಕೆ ತಂದಿದಾರೆ?" ಎಂದು ಅವರು ಪಿಸುಗುಟ್ಟಿದರು.

"ಹಳ್ಳಿಯ ಮರ್ಯಾದೆ ಸಾರ್. ದೊಡ್ಡವರ ಹತ್ತಿರ ಬರಿಗೈಯಲ್ಲಿ ಬರೋದಿಲ್ಲ" ಎಂದರು ವೆಂಕಟರಾಮಯ್ಯ, ಖಾಲಿ ಬೋಗುಣಿಗಳ ಕಡೆಗೆ ಕೃತಜ್ಞತೆಯಿಂದ ನೋಡುತ್ತ. ನಕ್ಷೆಯನ್ನು ಬಾಗಿಲ ಚೌಕಟ್ಟಿಗೆ ಇಳಿಬಿಟ್ಟು ಬೆತ್ತ ಹಿಡಿದರು.

"ಮಹಾಜನಗಳೇ, ಖಂಡಗಳಲ್ಲೆಲ್ಲ ಅತ್ಯಂತ ಚಿಕ್ಕದು ಈ ಖಂಡ."

ಸಭೆಯಲ್ಲಿ ಸಣ್ಣ ಗದ್ದಲ. "ಚಿಕ್ದಂತೆ ಕಣ್ಲಾ. ಊರ್ಗೆಲ್ಲ ಎಲ್ಲಿ ಸಾಕಾದದು?"

"ಇದರ ಸುತ್ತಲೂ ಉಪ್ಪುನೀರು."

"ಉಪ್ಪು ಆಕವ್ರೆ. ಕಾರ ನಾವೇ ಆಕ್ಕೋಬೇಕೇನೋ."

"ನಡುಭಾಗವೆಲ್ಲ ಒಣಗಿಹೋಗಿದೆ. ಸಾರವೆಲ್ಲ ಅಂಚಿನಲ್ಲಿದೆ."

ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಹೊಂಬಾಳಮ್ಮ ಥಟ್ಟನೆ ಬೋಗುಣಿ ಮುಂದೆ ಚಾಚಿದಳು. "ಒಣಕಂಡ ನಂಗೆ ಬ್ಯಾಡ ಕಣಪ್ಪ, ಬಾಯ್ನಲ್ಲಿ ಒಂದ್ ಅಲ್ಲೂ ಇಲ್ಲ. ಅಂಚಿಂದೇ ಕೊಡು."

ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಭಾಗದಿಂದ ಪಾಠ ಶುರುಮಾಡಿ ಎಂದು ಕೇಳಿರಲಿಲ್ಲ. ವೆಂಕಟರಾಮಯ್ಯನವರ ಕಣ್ಣು ತೇವವಾಯಿತು. "ಅಂಚಿನಿಂದಲೇ ಪ್ರಾರಂಭಿಸ್ತೀನಿ ತಾಯಿ" ಎಂದು ಪೂರ್ವ ಕರಾವಳಿಗೆ ಬೆತ್ತ ಇಟ್ಟರು.

ಆಗ ಕುರಿಮಂದೆಯ ಯಜಮಾನ ಜವರಯ್ಯ ಎದ್ದು ನಿಂತ. ಎತ್ತರದ ಆಳು, ಸಾವಧಾನದ ಮಾತು.

"ಸ್ವಾಮಿ, ಮಾತು ಆಮ್ಯಾಕೆ ಆಡೋವ. ಎಸರು ಮರಳ್ತಾ ಐತೆ. ಕಂಡ ಎಲ್ಲಿ ಮಡಗಿದ್ದೀರಿ?"

ವೆಂಕಟರಾಮಯ್ಯ ನಕ್ಷೆಯ ನಡುವಿಗೇ ಬೆತ್ತದಿಂದ ಹೊಡೆದರು. "ಇದೇ ಖಂಡ!"

ತಲೆಗಳೆಲ್ಲ ನಕ್ಷೆಯ ಕಡೆಗೆ ಚಾಚಿದವು.

"ಇದು ಬಟ್ಟೆ ಕಣ್ಲಾ!" ಎಂದು ಯಾರೋ ಹಿಂದಿನಿಂದ ಕೂಗಿದ.

ಅಲ್ಲಿಗೆ ಕಟ್ಟೆ ಒಡೆಯಿತು. "ಮರಿಯಯ್ಯ ಎಲ್ಲವ್ನೆ? ಇಡ್ಕಳ್ರಲಾ ಅವ್ನ!" "ನಮ್ಮನೇಲಿ ಮಸಾಲೆ ಅರ್ದು ಮಡಗವ್ರೆ ಕಣಪ್ಪೋ!" "ನಾನು ಏಳಿಕೊಟ್ಟಂಗೇ ಏಳ್ದೆ ಕಣ್ರಲಾ, ದೀಪ ಅಂದ್ರು, ಕಂಡ ಅಂದ್ರು!" ಎಂದು ಮರಿಯಯ್ಯ ತಮಟೆಯನ್ನು ಎದೆಗೆ ಗುರಾಣಿ ಮಾಡಿಕೊಂಡು ಪಟೇಲರ ಹಿಂದೆ ಸೇರಿದ. ಬೋಗುಣಿಗಳು ಎದ್ದವು. ಹಿಂದಿನ ಸಾಲು ಆಗಲೇ ತಿರುಗಿತ್ತು. ಶ್ಯಾಮಣ್ಣನವರು ನಶ್ಯದ ಡಬ್ಬಿ ತೆಗೆದು, ಸೋಮವಾರ ಬಂದೇಬಿಟ್ಟಿತೆಂಬಂತೆ ಹಾಯಾಗಿ ಒಂದು ಚಿಟಿಕೆ ಏರಿಸಿದರು.

ವೆಂಕಟರಾಮಯ್ಯನವರಿಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಹುಟ್ಟಿದಾರಭ್ಯ ಬೆಳ್ಳುಳ್ಳಿಯ ವಾಸನೆಗೂ ಮೂಗು ಮುಚ್ಚಿದ ಮನುಷ್ಯ, ಊರಿಗೆಲ್ಲ ಬಾಡು ಹಂಚುತ್ತೇನೆಂದು ಸಾರಿಸಿದ್ದರು. ಇನ್ನೊಬ್ಬರಾಗಿದ್ದರೆ ನಕ್ಷೆ ಸುತ್ತಿಕೊಂಡು ಗಾಡಿ ಹತ್ತುತ್ತಿದ್ದರು. ಅವರಿಗೆ ಹಾಗನ್ನಿಸಲಿಲ್ಲ. ಆಸ್ಟ್ರೇಲಿಯಾ ಅವರನ್ನು ಈವರೆಗೆ ಕೈಬಿಟ್ಟಿರಲಿಲ್ಲ.

"ಏ ಯಜಮಾನ!" ಎಂದು ಜವರಯ್ಯನ ಬೆನ್ನಿಗೆ ಕೂಗಿದರು. "ನಿನಗೆ ಕುರಿ ಎಷ್ಟಿದೆ?"

ಜವರಯ್ಯ ತಿರುಗಿದ. "ಅರವತ್ತೈತೆ. ಯಾಕೆ, ಕೊಡ್ಬೇಕಾ?"

"ಈ ದೇಶದಲ್ಲಿ ಒಬ್ಬೊಬ್ಬನಿಗೆ ಹತ್ತು ಸಾವಿರ ಕುರಿ."

ಜವರಯ್ಯ ಮುಂದಿಟ್ಟ ಹೆಜ್ಜೆ ಹಿಂದಕ್ಕೆ ಬಂತು. "ಅತ್ತು ಸಾವ್ರ? ಸುಳ್ಳು ಬುಡಿ. ಕಾಯೋರ್ಯಾರು?"

"ಕುದುರೆ ಮೇಲೆ ಒಬ್ಬ, ಎರಡು ನಾಯಿ."

"ತೋಳ?"

"ತೋಳ ಇಲ್ಲ. ಕಾಡುನಾಯಿ ಉಂಟು. ಅದಕ್ಕೆ ಬೇಲಿ."

"ಎಷ್ಟುದ್ದ?"

"ಇಲ್ಲಿಂದ ಕಾಶಿಯವರೆಗೆ ಅಂತಿಟ್ಟುಕೋ, ಅದಕ್ಕಿಂತ ಹೆಚ್ಚು."

ಜವರಯ್ಯ ಕೂತ. ಅವನು ಕೂತದ್ದು ನೋಡಿ ಅವನ ಹಿಂದಿನವರೂ, ನಡೆಯುವುದೇನೋ ನೋಡೇಬಿಡೋಣವೆಂದು ಅಲ್ಲಲ್ಲೇ ಕುಕ್ಕರುಗಾಲಲ್ಲಿ ಕೂತರು, ಪೂರ್ತಿ ಕೂರಲಿಲ್ಲ.

"ಅಂಗಾದ್ರೆ ದಿನಾ ಬಾಡು ಅವ್ರಿಗೆ" ಎಂದಳು ಹೊಂಬಾಳಮ್ಮ ಕಹಿಯಾಗಿ.

"ಅಲ್ಲೇ ಇರೋದು ತಾಯಿ ವಿಷಯ. ಅವರು ಕುರಿ ಸಾಕಿದ್ದು ಉಣ್ಣೆಗೆ. ಒಂದು ಕಾಲದಲ್ಲಿ ಕುರಿ ವಿಪರೀತವಾಗಿ, ಕೊಳ್ಳೋರಿಲ್ಲದೆ, ದೊಡ್ಡ ದೊಡ್ಡ ಹಂಡೆಯಲ್ಲಿ ಹಾಕಿ ಕುದಿಸಿ ಬರೀ ಕೊಬ್ಬು ತೆಗೆದರು, ದೀಪಕ್ಕೆ, ಸೋಪಿಗೆ."

"ಕಂಡಾನ?"

"ಬಿಸಾಕಿದರು."

ಆತಗೂರಿನ ಆ ಸಭೆಯಿಂದ ಎದ್ದ ನಿಟ್ಟುಸಿರನ್ನು ಆಸ್ಟ್ರೇಲಿಯದವರು ಕೇಳಿಸಿಕೊಂಡಿದ್ದರೆ ನಾಚಿಕೊಳ್ಳುತ್ತಿದ್ದರು. "ಅಯ್ಯೋ ಪಾಪಿಗಳಾ!" ಎಂದು ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಈಗ ಎಲ್ಲರೂ ಪೂರ್ತಿ ಕೂತರು. ಇಂಥ ಅನ್ಯಾಯವನ್ನು ನಿಂತುಕೊಂಡು ಕೇಳುವುದು ಸಾಧ್ಯವಿರಲಿಲ್ಲ.

ಮುಂದಿನದು ಇಳಿಜಾರಿನ ದಾರಿ. ಮೊಲದ ಕತೆ ಬಂತು. ಬೇಟೆಯ ಶೋಕಿಗೆ ಯಾರೋ ದೊರೆ ಒಂದಷ್ಟು ಮೊಲ ತಂದು ಬಿಟ್ಟದ್ದು, ಅವು ಮರಿಹಾಕಿ ಮರಿಹಾಕಿ ದೇಶದ ಹುಲ್ಲನ್ನೆಲ್ಲ ಮೇದದ್ದು, ಸರ್ಕಾರವೇ ಸೋತು ಕೈಚೆಲ್ಲಿದ್ದು.

"ನಮ್ಮೂರ ಐಕಳ್ನ ಕಳ್ಸಿದ್ರೆ ಸಾಕಾಗಿತ್ತಲ್ಲ ಸ್ವಾಮಿ!" ಎಂದು ಒಂದು ಮೂಲೆಯಿಂದ ಕೂಗು. "ಒಂದು ಗೌರಿಹಬ್ಬ ಕಳೆಯೋದ್ರೊಳ್ಗೆ ಒಂದೂ ಉಳೀತಿರ್ನಿಲ್ಲ!"

ದ್ವೀಪವೆಂದರೇನೆಂದು ಶಿವನಸಮುದ್ರದ ಉದಾಹರಣೆ ಕೊಟ್ಟು ಹೇಳಿದರು. ಅಲ್ಲಿ ಕಾವೇರಿ ಎರಡು ಕವಲು, ಇಲ್ಲಿ ಸಮುದ್ರ ನಾಲ್ಕು ದಿಕ್ಕು. ಅದು ಒಂದು ಊರಿನ ದ್ವೀಪ, ಇದು ಒಂದು ಖಂಡದ ದ್ವೀಪ. ಮೂಡಲ ಅಂಚಿನ ಬೆಟ್ಟದ ಸಾಲು ಮಳೆಯನ್ನೆಲ್ಲ ತಡೆದು ಕರಾವಳಿಗೇ ಸುರಿಯುವುದರಿಂದ ನಡುವೆ ಮರಳುಗಾಡಾದದ್ದು ಹೇಳಿದರು. "ನಾಲೆಯ ತಲೆಯಲ್ಲಿರೋನು ನೀರೆಲ್ಲ ಕಟ್ಟಿಕೊಂಡ ಹಾಗೆ" ಎಂದಾಗ ಹಲವರು ಪಕ್ಕದವರ ಮುಖ ನೋಡಿದರು. ಆಮೇಲೆ ಚರಿತ್ರೆ. ಇಂಗ್ಲೆಂಡಿನ ಜೈಲುಗಳು ತುಂಬಿ, ರೊಟ್ಟಿ ಕದ್ದವನು, ವಸ್ತ್ರ ಕದ್ದವನು ಎಲ್ಲರನ್ನೂ ಹಡಗಿಗೆ ತುಂಬಿ ಈ ದಡಕ್ಕೆ ತಂದು ಇಳಿಸಿದರು.

"ಕದ್ದೋರ್ಗೆ ಒಂದು ದೇಸಾನೇ ಕೊಟ್ರಾ?" ಜವರಯ್ಯನಿಗೆ ನಂಬಲಾಗಲಿಲ್ಲ. "ನಮ್ಮಲ್ಲಿ ಕೋಳಿ ಕದ್ದೋನ್ಗೆ ಪೊಲೀಸ್ನೋರು ಒದೆ ಬುಟ್ರೆ ಬ್ಯಾರೆ ಏನೂ ಕೊಡ್ನಿಲ್ವಲ್ಲ!"

"ಮುಂದೆ ಅದನ್ನ ಆರು ಭಾಗ ಮಾಡಿಕೊಂಡರು" ಎಂದು ವೆಂಕಟರಾಮಯ್ಯ ನಕ್ಷೆಯ ಗೆರೆಗಳ ಮೇಲೆ ಬೆತ್ತ ಓಡಿಸಿದರು.

"ಆರು ಗುಡ್ಡೆ ಅನ್ನಿ."

ಹಬ್ಬಕ್ಕೆ ನಾಲ್ಕಾರು ಮನೆಯವರು ಕೂಡಿ ಒಂದು ಕುರಿ ತಂದು, ಕುಯ್ದು, ತಿರುಳು ಮೂಳೆ ಎಲ್ಲವನ್ನೂ ಸಮಸಮನಾಗಿ ಗುಡ್ಡೆ ಹಾಕಿ ಮನೆಗೊಂದರಂತೆ ಎತ್ತಿಕೊಳ್ಳುವುದು ಆ ಸೀಮೆಯ ಪದ್ಧತಿ. ಗುಡ್ಡೆಯಲ್ಲಿ ಮೋಸವಾದರೆ ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ವೆಂಕಟರಾಮಯ್ಯ ಆ ಪದವನ್ನು ಕೈಚಾಚಿ ಹಿಡಿದರು. "ಹೂಂ, ಆರು ಗುಡ್ಡೆ!"

"ಸಮ ಇಲ್ವಲ್ಲ! ಪಡುವಲ ಗುಡ್ಡೆ ಅಷ್ಟು ದೊಡ್ಡದೈತೆ, ಕೆಳಗಿಂದು ಅಂಗೈಯಗಲ ಐತೆ."

"ಪಡುವಲದ್ದು ಬಹುಪಾಲು ಮೂಳೆ. ಕೆಳಗಿನ ಚಿಕ್ಕದರಲ್ಲಿ ತಿರುಳು, ಸಾಲದ್ದಕ್ಕೆ ಚಿನ್ನ."

"ಅಂಗೇಳಿ ಮತ್ತೆ!" ಎಂದು ಸಭೆ ಒಪ್ಪಿತು. ಇಪ್ಪತ್ತು ವರ್ಷ ಹುಡುಗರ ತಲೆಗೆ ಹೋಗದ ಪಶ್ಚಿಮ ಆಸ್ಟ್ರೇಲಿಯಾ, ವಿಕ್ಟೋರಿಯಾಗಳ ಭೇದ ಒಂದೇ ಮಾತಿನಲ್ಲಿ ಇಳಿದುಹೋಯಿತು.

ಹೊಂಬಾಳಮ್ಮ ಮಾತ್ರ ನಕ್ಷೆಯನ್ನು ದಿಟ್ಟಿಸುತ್ತಲೇ ಇದ್ದಳು. "ಅಲ್ಲಪ್ಪಾ, ಈ ಕಳ್ರು ಬರೋ ಮುಂಚೆ ಅಲ್ಲಿ ಯಾರೂ ಇರ್ನಿಲ್ವಾ?"

"ಇದ್ದರು ತಾಯಿ. ಮೂಲದವರು. ಸಾವಿರಾರು ವರ್ಷದಿಂದ."

"ಅವ್ರಿಗೆ ಯಾವ ಗುಡ್ಡೆ?"

ವೆಂಕಟರಾಮಯ್ಯ ಬೆತ್ತ ಎತ್ತಿದರು. ಇಡುವುದಕ್ಕೆ ಜಾಗ ಹುಡುಕಿದರು. ಪಠ್ಯಪುಸ್ತಕದಲ್ಲಿ ಆ ಜನದ ಬಗ್ಗೆ ಇದ್ದದ್ದು ಒಂದು ಸಾಲು, ಅದೂ ಕಾಂಗರೂವಿನ ನಂತರ. ಆ ಸಾಲನ್ನು ಅವರು ವರ್ಷವರ್ಷವೂ ಓದಿಸಿ ಮುಂದೆ ಹೋಗಿದ್ದರು. ಪಕ್ಕದಲ್ಲಿ ಶ್ಯಾಮಣ್ಣನವರು ಕೆಮ್ಮಿದರು. ಇಂಗ್ಲಿಷರ ವಿಚಾರ, ಕಾಲ ಸರಿಯಿಲ್ಲ, ಪಾರಾಗಿ ಎಂಬ ಕೆಮ್ಮು.

"ಕೊಡಲಿಲ್ಲ" ಎಂದರು ವೆಂಕಟರಾಮಯ್ಯ. "ಅವರನ್ನ ಓಡಿಸಿದರು, ಬಹಳ ಜನರನ್ನ ಕೊಂದರು. ಗುಡ್ಡೆ ಕೊಡಲಿಲ್ಲ."

"ಕುರಿ ಯಾರ್ದೋ ಅವ್ರಿಗೇ ಪಾಲಿಲ್ವಾ! ಅದು ಗುಡ್ಡೆ ಅಲ್ಲ ಕಣಪ್ಪ, ಲೂಟಿ" ಎಂದಳು ಮುದುಕಿ, ಬೋಗುಣಿಯನ್ನು ಬೋರಲು ಮಾಡಿ. ಪಟೇಲರು "ಇರ್ಲಿ ಬುಡಮ್ಮ, ದೊಡ್ಡೋರ ವಿಚಾರ" ಎಂದರೂ ಸಭೆ ಅವಳ ಕಡೆಗೇ ಇತ್ತು. ವೆಂಕಟರಾಮಯ್ಯನವರೂ ಅವಳ ಕಡೆಗೇ ಇದ್ದರು. ತಮ್ಮ ಮನೆಯದೇ ಎಂದುಕೊಂಡಿದ್ದ ದೇಶದ ಮನೆಯೊಡೆಯರು ಬೇರೆ ಇದ್ದರೆಂಬುದು ಅವರಿಗೆ ಅಂದು ಮೊದಲ ಬಾರಿಗೆ ಹೊಳೆದಿತ್ತು.

ಗ್ಯಾಸ್‌ಲೈಟಿಗೆ ಮತ್ತೊಮ್ಮೆ ಗಾಳಿ ಹಾಕಬೇಕಾಯಿತು. ಎಸರು ಬತ್ತಿದ ಸುದ್ದಿ ಹೇಳಲು ಬಂದ ಹೆಂಗಸರೂ ಅಲ್ಲೇ ಕೂತರು. ಉಪನ್ಯಾಸ ಮುಗಿಯಿತೆಂದು ಕೈಮುಗಿದಾಗ ಜವರಯ್ಯ ಕೇಳಿದ: "ಇಂಥವು ಇನ್ನೆಷ್ಟು ಕಂಡ ಅವೆ ಮೇಷ್ಟ್ರೇ?"

"ಇನ್ನೂ ಇವೆ. ಇದಕ್ಕಿಂತ ದೊಡ್ಡವು."

"ಅಂಗಾದ್ರೆ ತಿಂಗಳಿಗೊಂದು ತನ್ನಿ. ಬಾಡು ಇಲ್ದಿದ್ರೂ ಮಾತು ಚೆನ್ನಾಗೈತೆ."

ವಾಪಸು ಬರುವ ಗಾಡಿಯಲ್ಲಿ ಶ್ಯಾಮಣ್ಣನವರು ನಶ್ಯದ ಡಬ್ಬಿಯನ್ನು ತೆರೆಯುತ್ತ ಮುಚ್ಚುತ್ತ ಕೂತಿದ್ದರು. ಹಲ್ಲಿನ ರಕ್ಷಣೆಗೆ ಬಂದ ನಾಯಿ ನೆನಪಾಗಿರಬೇಕು. ಕೊನೆಗೆ ಹೇಳಿದರು, "ಭೂಗೋಳ ನಿಮ್ಮದೇ ಇವರೆ, ಮಾತು ಮಾತೇ. ಆದರೆ ಇನ್ನೂ ಖಂಡಗಳಿವೆ ಅಂತ ಊರವರಿಗೆ ನೀವೇ ಹೇಳಿದೀರಿ. ಬಾಕಿ ಖಂಡಗಳನ್ನೂ ಹೇಳಬೇಕು. ಮೊದಲು ಹುಡುಗರಿಗೆ."

ಭಾನುವಾರವಿಡೀ ವೆಂಕಟರಾಮಯ್ಯ ಆಫ್ರಿಕ ಓದಿದರು. ಸಂಜೆ ಸರಸಮ್ಮ ಸಂತೆಯಿಂದ ಕೆಂಪಗಾಗಿ ಬಂದರು. "ಏನೂಂದ್ರೆ, ಸೊಪ್ಪಿನವಳು ನನ್ನನ್ನ ಖಂಡದ ಮೇಷ್ಟ್ರ ಹೆಂಡ್ತಿ ಅಂದಳಲ್ಲ! ಮಡಿ ಮಾಡೋ ಹೆಂಗಸಿಗೆ ಈ ಮಾತೇ? ಏನು ಮಾಡಿಬಂದ್ರಿ ಆ ಊರಲ್ಲಿ?"

"ಪಾಠ" ಎಂದರು ವೆಂಕಟರಾಮಯ್ಯ, ಪುಸ್ತಕದಿಂದ ತಲೆ ಎತ್ತದೆ. "ಹೆಸರು ಸರಿಯಾಗೇ ಇದೆ, ಬಿಡು."

ಸೋಮವಾರ ಕ್ಲಾಸಿನಲ್ಲಿ ಗೋಡೆಯ ನಕ್ಷೆಗೆ ಬೆನ್ನು ಹಾಕಿ ನಿಂತರು. ಹಾಗೆ ನಿಂತದ್ದು ಇದೇ ಮೊದಲು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಮೇಷ್ಟ್ರು ಎದೆಯನ್ನು ಒಂದು ಗೇಣು ಮುಂದೆ ಕಳಿಸಿ, ತುಂಬು ವಿಶ್ವಾಸದಿಂದ ಹೊಸ ಪಾಠ ಆರಂಭಿಸಿದರು:

"ಆಸ್ಟ್ರೇಲಿಯದಿಂದ ಪಶ್ಚಿಮಕ್ಕೆ ಹೊರಟು, ಹಿಂದೂ ಮಹಾಸಾಗರವನ್ನು ದಾಟಿದರೆ ಸಿಗುವುದೇ ಆಫ್ರಿಕ."